ಹುಣಸೆಹಣ್ಣು, ಉಪ್ಪು ಮತ್ತು ಟಿಪ್ಪುವಿನ ಆನೆ

ಕಬ್ಬಿಣಕ್ಕೆ ಹಿಡಿಯೋದು ತುಕ್ಕು, ತಾಮ್ರಕ್ಕೆ ಹಿಡಿಯೋದು ಕಿಲುಬು. ನಮ್ಮ ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನನ್ನ ಮಕ್ಕಳು ಎರಡಕ್ಕೂ ಮರಾಠಿಯ ‘ಗಂಜ್’ ಅಂದು ಮುಗಿಸಿಬಿಡುತ್ತಾರೆ. ಇರಲಿ. ಆದರೆ ಈಗೊಂದು ವರ್ಷದಿಂದ ನಮ್ಮ ಮನೆಯಲ್ಲಿ, ಮನೆಯಲ್ಲೇನು ಬಂತು, ಬೆಂಗಳೂರು, ಶಿವಮೊಗ್ಗ, ನ್ಯೂಜೆರ್ಸಿ ಅಂತ ಚದುರಿಹೋಗಿರುವ ನಮ್ಮ ಇಡೀ ದಾಯಾದಿ ಬಳಗದಲ್ಲಿ ಈ ಕಿಲುಬಿನ ಮೇಲೆಯೇ ವಾಗ್ವಾದ ನಡೆದಿದೆ.

ವಿಷಯ ಇಷ್ಟು. ಹೊಸನಗರ ತಾಲೂಕಿನ ನಮ್ಮ ಹಳೇ ಮನೆ ಪಾಲಾದಾಗ, ದೊಡ್ಡಮ್ಮ ಅಟ್ಟದ ಮೇಲೆ ಜೋಪಾನ ಮಾಡಿ ಇಟ್ಟಿದ್ದ ಒಂದು ಹಿತ್ತಾಳೆ ಡಬ್ಬಿ ನನ್ನ ಕೈಗೆ ಬಂತು. ಅದರೊಳಗೆ 41 ನಾಣ್ಯ. ಯಾರಿಗೆ ಎಷ್ಟು ಅನ್ನೋದು ಆಮೇಲೆ ನೋಡೋಣ, ಸದ್ಯಕ್ಕೆ ಹಳೇ ಸಾಮಾನಿನ ಹುಚ್ಚಿರುವವನ ಹತ್ತಿರ ಇರಲಿ ಅಂತ ಎಲ್ಲರೂ ಸೇರಿ ಮುಂಬಯಿಗೆ ಸಾಗಹಾಕಿದರು. ಬೆಂಗಳೂರಿನ ಅತ್ತಿಗೆಯದು ಒಂದೇ ಬೇಡಿಕೆ: “ಒಂದ್ಸಲ ಹುಳಿ ಹಾಕಿ ಚೆನ್ನಾಗಿ ತಿಕ್ಕಿ, ಪಳಪಳ ಅನ್ನೋ ಹಾಗೆ ಮಾಡಿ, ಎಲ್ಲರಿಗೂ ಒಂದೊಂದು ಫ್ರೇಮು ಕಟ್ಟಿಸಿ ಕೊಡಿ ಭಾವ. ಹಾಗೇ ಇಟ್ರೆ ಯಾರು ನೋಡ್ತಾರೆ ಅದನ್ನ?” ಶಿವಮೊಗ್ಗದ ತಮ್ಮನದೂ ಇದೇ ಮತ. ನಾನು ಮಾತ್ರ ಬೇಡ ಅಂತ ಕೂತಿದ್ದೇನೆ. ಯಾಕೆ ಬೇಡ ಅನ್ನೋದನ್ನ ಫೋನಿನಲ್ಲಿ ಹೇಳಿ ಮುಗಿಯೋಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಡಬ್ಬಿಯಲ್ಲಿ ಏನೇನಿದೆ ಅಂತ ಹೇಳಿಬಿಡುತ್ತೇನೆ. ನಮ್ಮೂರಿಂದ ನಗರದ ಕೋಟೆ ಹೆಚ್ಚು ದೂರವಿಲ್ಲ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು ಅಂದರೆ ಇದೇ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ತನ್ನ ಹೆಸರಿನಿಂದ ಹೈದರನಗರ ಅಂತ ಕರೆದ. ಹೈದರ ಹೋಗಿ ಬರೀ ‘ನಗರ’ ಉಳಿಯಿತು. ಕೆಳದಿಯವರ ಚಿನ್ನದ ವರಹದ ಮೇಲೆ ಶಿವ ಪಾರ್ವತಿಯರು ಕೂತಿದ್ದರಲ್ಲ, ಹೈದರ ಅವರನ್ನು ಎಬ್ಬಿಸಲಿಲ್ಲ. ಮುಂದೆ ಅವರನ್ನು ಹಾಗೇ ಇಟ್ಟುಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಹಾಕಿಸಿದ. ವರ್ತಕರ ಕೈಗೆ ಹೊಸ ಮುಖ ಕೊಟ್ಟರೆ ಅವರು ತಗೊಳ್ಳೋಲ್ಲ ಅನ್ನೋದು ಆ ಮನುಷ್ಯನಿಗೆ ಗೊತ್ತಿತ್ತು. ವರಹ ನಮ್ಮ ಡಬ್ಬಿಯಲ್ಲಿ ಇಲ್ಲ ಬಿಡಿ! ಇದ್ದಿದ್ದರೆ ಅದು ಎಂದೋ ಯಾರದೋ ಮದುವೆಯಲ್ಲಿ ಕರಗಿ ಸರವಾಗಿರುತ್ತಿತ್ತು. ಇರೋದು ಹೈದರನ ಮಗ ಟಿಪ್ಪು ಹೊಡೆಸಿದ ತಾಮ್ರದ ಪೈಸೆ, ಮೂರು. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿಯಲ್ಲಿ ‘ಜರ್ಬ್’, ಅಂದರೆ ಅಚ್ಚೊತ್ತಿದ್ದು, ಅದರ ಜೊತೆಗೆ ಊರಿನ ಹೆಸರು. ಮೂರರಲ್ಲಿ ಒಂದರ ಮೇಲೆ ‘ನಗರ’ ಅಂತ ಓದಬಹುದು. ಎರಡು ಸೋಲಿಗೆ ಹತ್ತಿರ, ಸವೆದೇ ಹೋಗಿವೆ.

ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳು, ಏಳು. ಇವು ನನಗೆ ಬಹಳ ಪ್ರೀತಿ. 1799ರಲ್ಲಿ ಟಿಪ್ಪು ಸತ್ತ, ರಾಜ್ಯ ಒಡೆಯರಿಗೆ ಬಂತು, ಆನೆ ಮಾತ್ರ ನಾಣ್ಯದ ಮೇಲೆ ಹಾಗೇ ನಿಂತಿತು. ತಲೆಯ ಮೇಲೆ ಸೂರ್ಯ ಚಂದ್ರರ ನಡುವೆ ‘ಶ್ರೀ’ ಬಂತು, ಆಮೇಲೆ ‘ಶ್ರೀ ಚಾಮುಂಡಿ’ ಬಂತು, ಹಿಂದುಗಡೆ ಕನ್ನಡದಲ್ಲಿ ‘ಮಯಿಲಿ ಕಾಸು ಇಪ್ಪತ್ತು’, ಅದನ್ನೇ ಇಂಗ್ಲಿಷಿನಲ್ಲೂ ರೋಮನ್ ಅಂಕಿ ಹಾಕಿ ಬರೆದದ್ದು. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು. 1843ರ ಹೊತ್ತಿಗೆ ಮೈಸೂರಿನ ಸ್ವಂತ ಟಂಕಸಾಲೆಯೇ ನಿಂತುಹೋಯಿತು. ಆಮೇಲಿಂದ ಕಂಪನಿಯದು, ರಾಣಿಯದು. ಡಬ್ಬಿಯ ಮಿಕ್ಕ ನಾಣ್ಯಗಳು ಅವೇ: 1835ರ ಇಸವಿಯ ಕಂಪನಿ ಕಾಲಾಣೆ, ವಿಕ್ಟೋರಿಯಾ ರಾಣಿಯ ಕಾಲಾಣೆ, ಐದು ಬೆಳ್ಳಿ ರೂಪಾಯಿ, ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸೋದಕ್ಕೆ ಅಂತ 1943ರಿಂದ ಹೊಡೆದ ನಡುವೆ ತೂತಿನ ಕಾಸುಗಳು. ಅಡಿಕೆ ಕೊಟ್ಟು ಉಪ್ಪು, ಬಟ್ಟೆ ತಂದ ಒಂದು ಮನೆಯ ಕೈಯಲ್ಲಿ ನೂರೈವತ್ತು ವರ್ಷ ಓಡಾಡಿದ ಚಿಲ್ಲರೆ ಇದು. ಕೆಳದಿ, ಶ್ರೀರಂಗಪಟ್ಟಣ, ಮೈಸೂರು, ಕಲ್ಕತ್ತಾ, ಬೊಂಬಾಯಿ ಅಂತ ಮಲೆನಾಡಿನ ಯಜಮಾನರು ಬದಲಾದ ಕಥೆಯೂ ಇದೇ.

ಸರಿ, ಈಗ ಕಿಲುಬು.

ಅತ್ತಿಗೆಯ ಕೈ ಹುಣಸೆಹಣ್ಣಿನ ಕಡೆಗೆ ಹೋಗೋದು ಸುಮ್ಮನೆ ಅಲ್ಲ. ನಮ್ಮ ಹೆಂಗಸರಿಗೆ ಕಿಲುಬು ಅಂದರೆ ಶತ್ರು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಬಿಟ್ಟರೆ, ಹುಳಿ ಬಿಟ್ಟರೆ, ಕಿಲುಬು ಏರಿ ಉಂಡವರಿಗೆ ವಾಂತಿಯಾಗುತ್ತೆ. ಅದಕ್ಕೇ ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಅಂಗಳದಲ್ಲಿ ತಿದಿ ಒತ್ತುತ್ತಿದ್ದ. ದಿನಾ ತಂಬಿಗೆ, ಕೊಡಪಾನ ಹುಳಿ ಹಾಕಿ ಬೆಳಗಬೇಕಿತ್ತು. ಶಾಸ್ತ್ರವೂ ಇದನ್ನೇ ಹೇಳುತ್ತೆ. ತಾಮ್ರ, ಕಂಚು, ತವರ, ಸೀಸ ಇವನ್ನೆಲ್ಲ ಯಥಾಯೋಗ್ಯವಾಗಿ ಕ್ಷಾರ, ಹುಳಿ, ನೀರಿನಿಂದ ಶುದ್ಧಿ ಮಾಡಬೇಕು ಅಂತ ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿದೆ. ಉಣ್ಣುವ ಪಾತ್ರೆಗೆ ಅದು ನೂರಕ್ಕೆ ನೂರು ಸರಿ. ಆದರೆ ನಾಣ್ಯದಲ್ಲಿ ಯಾರೂ ಉಣ್ಣೋಲ್ಲ. ಪಾತ್ರೆಗೆ ಹೇಳಿದ ಮಾತನ್ನು ನಾಣ್ಯಕ್ಕೆ ಅನ್ವಯಿಸಿದ್ದೇ ನಮ್ಮ ತೊಂದರೆ.

ಹುಣಸೆಹಣ್ಣಿನಲ್ಲಿ ಇರೋದು ಟಾರ್ಟಾರಿಕ್ ಆಮ್ಲ. ಅದು ತಾಮ್ರದ ಮೇಲಿನ ಕಂದು ಪೊರೆಯನ್ನು, ಹಸಿರು ಪೊರೆಯನ್ನು ಕರಗಿಸಿ ಕೆಳಗಿನ ಹಸೀ ಲೋಹವನ್ನು ತೋರಿಸುತ್ತೆ. ಆ ಗುಲಾಬಿ ಹೊಳಪು ನೋಡಿ ನಾವು ‘ಹೊಸದರ ಹಾಗಾಯ್ತು’ ಅಂತೇವೆ. ಹೊಸದಾಗೋಲ್ಲ. ನಾಣ್ಯದ ಮೇಲ್ಮೈಯ ತಾಮ್ರವೇ ಎರಡು ನೂರು ವರ್ಷದಲ್ಲಿ ನಿಧಾನಕ್ಕೆ ಆ ಪೊರೆಯಾಗಿರುತ್ತೆ. ಅಚ್ಚಿನ ಸೂಕ್ಷ್ಮ ಗೆರೆ, ಆನೆಯ ಸೊಂಡಿಲ ಮಡಿಕೆ, ಅಕ್ಷರದ ಅಂಚು, ಇವೆಲ್ಲ ಬಹಳ ಸಲ ಉಳಿದಿರೋದು ಪೊರೆಯಲ್ಲಿಯೇ, ಕೆಳಗಿನ ಲೋಹದಲ್ಲಿ ಅಲ್ಲ. ಪೊರೆ ಕರಗಿದರೆ ಕೊಳೆ ಹೋಗೋದಿಲ್ಲ, ನಾಣ್ಯದ ಚರ್ಮ ಹೋಗುತ್ತೆ.

ಇನ್ನು ಉಪ್ಪು. ಹುಳಿಯ ಜೊತೆ ಒಂದು ಚಿಟಿಕೆ ಉಪ್ಪು ಸೇರಿಸಿದರೆ ಬೇಗ ಹೊಳೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರದ ಸಣ್ಣ ಸಣ್ಣ ಗುಳಿಗಳಲ್ಲಿ ಹೊಕ್ಕು ಕೂತರೆ ನಾಲ್ಕು ಸಲ ತೊಳೆದರೂ ಹೊರಗೆ ಬರೋಲ್ಲ. ಅದು ತಾಮ್ರದ ಜೊತೆ ಸೇರಿ ಬಿಳಿಬಿಳಿಯಾದ ಮೇಣದಂಥ ಒಂದು ವಸ್ತುವಾಗುತ್ತೆ. ಗಾಳಿಯಲ್ಲಿ ತೇವ ಕಡಿಮೆ ಇದ್ದರೆ ತೆಪ್ಪಗಿರುತ್ತೆ. ತೇವಾಂಶ ಶೇಕಡಾ 45ರ ಆಸುಪಾಸು ದಾಟಿತೋ, ಎದ್ದು ಕೂರುತ್ತೆ. ತಿಳಿ ಹಸಿರು ಪುಡಿಯಾಗಿ ಮೇಲೆ ಉಕ್ಕುತ್ತೆ, ಉಕ್ಕುವಾಗ ಹುಟ್ಟುವ ಆಮ್ಲ ಮತ್ತಷ್ಟು ತಾಮ್ರವನ್ನು ತಿನ್ನುತ್ತೆ, ಅದರಿಂದ ಮತ್ತೆ ಅದೇ ಬಿಳಿ ವಸ್ತು. ಸುತ್ತು ನಿಲ್ಲೋದೇ ಇಲ್ಲ. ಮ್ಯೂಸಿಯಂನವರು ಇದನ್ನು ‘ಕಂಚಿನ ಕಾಯಿಲೆ’ ಅಂತಾರೆ. ಹೆಸರು ಕಂಚಿನದಾದರೂ ಬರೀ ತಾಮ್ರಕ್ಕೂ ಬರುತ್ತೆ. ದೀಪಾವಳಿಗೆ ಹುಳಿ-ಉಪ್ಪು ಹಚ್ಚಿ ತೊಳೆದ ಕಾಸು ಮುಂದಿನ ಮಳೆಗಾಲಕ್ಕೆ ಮತ್ತೆ ಹಸಿರಾಗಿ, ‘ನೋಡಿ, ಎಷ್ಟು ಬೇಗ ಕಿಲುಬು ಹಿಡೀತು’ ಅಂತ ಮತ್ತೆ ಹುಳಿ-ಉಪ್ಪು ಹಚ್ಚುತ್ತೇವಲ್ಲ, ಅದು ಈ ಸುತ್ತಿಗೆ ನಾವೇ ಹಾಕುವ ಸೌದೆ.

ಮುಂಬಯಿಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಇಲ್ಲಿ ಮಳೆಗಾಲದಲ್ಲಿ ತೇವಾಂಶ ಶೇಕಡಾ 80 ದಾಟೋದು ಮಾಮೂಲು, ಸಾಲದ್ದಕ್ಕೆ ಗಾಳಿಯಲ್ಲೇ ಸಮುದ್ರದ ಉಪ್ಪು. ‘ಮಲೆನಾಡಲ್ಲಿ ಮಳೆ ಇಲ್ವಾ’ ಅಂತ ನೀವು ಕೇಳಬಹುದು. ಇಲ್ಲಿಗಿಂತ ಹೆಚ್ಚೇ. ಆದರೆ ಡಬ್ಬಿ ಇದ್ದದ್ದು ಅಡಿಗೆಮನೆಯ ಮೇಲಿನ ಹೊಗೆ ಅಟ್ಟದಲ್ಲಿ. ಕೆಳಗೆ ಒಲೆ ಬೆಳಿಗ್ಗೆಯಿಂದ ರಾತ್ರಿವರೆಗೂ ಆರಿದ್ದಿಲ್ಲ. ಹೊರಗೆ ಮಳೆ ಧೋ ಅಂದರೂ ಅಟ್ಟದ ಮೇಲೆ ಹಪ್ಪಳ ಗರಿಗರಿ, ಅಡಿಕೆ ಗರಿಗರಿ. ನಾಣ್ಯಗಳೂ ಆ ಬಿಸುಪಿನಲ್ಲಿ ನೂರು ವರ್ಷ ಗುಂಡುಕಲ್ಲಿನ ಹಾಗೆ ಮಲಗಿದ್ದವು. ಮುಂಬಯಿಗೆ ಬಂದ ಮೊದಲ ಜುಲೈನಲ್ಲೇ ಒಂದು ಸಿಂಹದ ಕಾಸಿನ ಅಂಚಿನಲ್ಲಿ ತಿಳಿ ಹಸಿರು ಪುಡಿ ಕಾಣಿಸಿತು. ಊರು ಬಿಟ್ಟು ಬಂದವರಿಗೆಲ್ಲ ಇಲ್ಲಿಯ ಹವೆ ಹಿಡಿಸೋಲ್ಲ ಅಂತ ಹೆಂಡತಿ ನಕ್ಕಳು.

ಇದು ನಮ್ಮ ಡಬ್ಬಿಯ ಕಥೆಯಷ್ಟೇ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಂಬಿಗೆ ಹೆದರಿ ಬ್ರಿಟಿಷ್ ಮ್ಯೂಸಿಯಂನವರು ತಮ್ಮ ವಸ್ತುಗಳಲ್ಲಿ ಕೆಲವನ್ನು ಲಂಡನ್ನಿನ ನೆಲದಡಿಯ ರೈಲು ಸುರಂಗದಲ್ಲಿ ಬಚ್ಚಿಟ್ಟರು. ಬಾಂಬಿನಿಂದ ಉಳಿದವು, ತೇವದಿಂದ ಉಳಿಯಲಿಲ್ಲ. ಹೊರಗೆ ತೆಗೆದಾಗ ಕಂಚು ಹಸಿರಾಗಿ, ಕಬ್ಬಿಣ ತುಕ್ಕಾಗಿ ಕೂತಿದ್ದವು. ಆಗ ಅಲೆಕ್ಸಾಂಡರ್ ಸ್ಕಾಟ್ ಎಂಬ ರಸಾಯನಶಾಸ್ತ್ರಜ್ಞರನ್ನು ಕರೆಸಿ, 1920ರ ಹೊತ್ತಿಗೆ ಅಲ್ಲೊಂದು ಪ್ರಯೋಗಾಲಯ ತೆರೆದರು. ಅದಕ್ಕೂ ಮೊದಲು, 1888ರಲ್ಲಿಯೇ, ಬರ್ಲಿನ್ನಿನ ಮ್ಯೂಸಿಯಂಗಳಲ್ಲಿ ಫ್ರೀಡ್ರಿಕ್ ರಾಥ್‌ಗೆನ್ ಎಂಬುವವರು ಈ ಕೆಲಸಕ್ಕೆಂದೇ ನೇಮಕವಾಗಿದ್ದರು. ಅವರ ಕಾಲದ ಒಂದು ಮುಖ್ಯ ವಿಧಾನ ಅಂದರೆ ವಿದ್ಯುತ್ ಹಾಯಿಸಿ ಕಿಲುಬನ್ನೆಲ್ಲ ಕಳಚಿಬಿಡೋದು. ಬರೀ ಲೋಹ ಉಳಿಯುತ್ತಿತ್ತು. ನಮ್ಮ ಅತ್ತಿಗೆಯ ಹುಣಸೆಹಣ್ಣಿಗೆ ಜರ್ಮನ್ ಡಿಗ್ರಿ ಸಿಕ್ಕ ಹಾಗೆ ಅನ್ನಿ! ಹಾಗೆ ಕಳಚಿ ಕಳಚಿ ಏನೇನು ಕಳೆದುಹೋಯಿತು ಅನ್ನೋದು ಗೊತ್ತಾಗೋದಕ್ಕೆ ಆ ಶಾಸ್ತ್ರಕ್ಕೇ ಒಂದೆರಡು ತಲೆಮಾರು ಬೇಕಾಯಿತು. ಇವತ್ತು ಯಾವ ಒಳ್ಳೆಯ ಪ್ರಯೋಗಾಲಯದವರೂ ನಾಣ್ಯ ಕೊಟ್ಟ ಕೂಡಲೇ ಆಮ್ಲಕ್ಕೆ ಅದ್ದೋಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಂಡು, ಏನು ತೆಗೀಬೇಕು, ಏನು ಬಿಡಬೇಕು ಅಂತ ಮೊದಲು ನೋಡುತ್ತಾರೆ.

ಏನನ್ನು ಬಿಡಬೇಕು ಅನ್ನೋದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ನಮ್ಮ ಮಾಟುಂಗಾದಲ್ಲೇ ಇದೆ. ಮುಂಬಯಿ ಕನ್ನಡಿಗರಿಗೆ ಮಾಟುಂಗಾ ಅಂದರೆ ಮೈಸೂರು ಅಸೋಸಿಯೇಶನ್, ಮಲ್ಲಿಗೆ ಹೂವು, ಫಿಲ್ಟರ್ ಕಾಫಿ. ಅದೇ ಮಾಟುಂಗಾದಲ್ಲಿ 1924ರಿಂದ ಹತ್ತಿಯ ಪ್ರಯೋಗಾಲಯವೊಂದಿದೆ. 1920ರ ದಶಕದಲ್ಲಿ ಮೊಹೆಂಜೊದಾರೊ ಅಗೆದಾಗ ಒಂದು ಬೆಳ್ಳಿಯ ಪಾತ್ರೆ ಸಿಕ್ಕಿತು. ಅದಕ್ಕೆ ಹಿಡಿದಿದ್ದ ಲೋಹದ ಉಪ್ಪಿನ ಹೆಕ್ಕಳೆಗೆ ಬಟ್ಟೆಯ ಚೂರು ಅಂಟಿಕೊಂಡಿತ್ತು. ಆ ಚೂರು ಮಾಟುಂಗಾಕ್ಕೆ ಬಂತು. ಟರ್ನರ್ ಮತ್ತು ಗುಲಾಟಿ ಎಂಬ ಇಬ್ಬರು ಎಳೆ ಬಿಡಿಸಿ ನೋಡಿ ಇದು ಹತ್ತಿಯೇ, ನಿಜವಾದ ಹತ್ತಿಯೇ ಅಂತ 1928ರಲ್ಲಿ ಪ್ರಕಟಿಸಿದರು. ಸಿಂಧೂ ಕಣಿವೆಯ ಜನ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಹತ್ತಿ ನೂತು ನೇಯುತ್ತಿದ್ದರು ಅನ್ನೋದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿ. ನಮ್ಮ ನೆಲದಲ್ಲಿ ಬಟ್ಟೆ ನಾಲ್ಕು ಮಳೆಗಾಲ ತಡೆಯೋಲ್ಲ, ನಾಲ್ಕು ಸಾವಿರ ವರ್ಷ ತಡೆದದ್ದು ಹೇಗೆ? ಲೋಹದ ಉಪ್ಪು ಎಳೆಯೊಳಕ್ಕೆ ಇಳಿದು, ಕೊಳೆಯಿಸುವ ಜೀವಾಣುಗಳನ್ನು ಹತ್ತಿರ ಬರಗೊಡಲಿಲ್ಲ. ಆಮೇಲೆ 2002ರಲ್ಲಿ ಬಲೂಚಿಸ್ತಾನದ ಮೆಹರಗಢದಿಂದ ಅದಕ್ಕಿಂತಲೂ ಎಷ್ಟೋ ಹಳೆಯ ಹತ್ತಿಯ ಎಳೆಗಳು ವರದಿಯಾದವು. ಅವು ಉಳಿದದ್ದು ಎಲ್ಲಿ ಗೊತ್ತೇ? ಒಂದು ತಾಮ್ರದ ಮಣಿಯೊಳಗಿನ ಕಿಲುಬಿನಲ್ಲಿ! ಅಗೆದವನು ಆ ಪಾತ್ರೆಯನ್ನೋ ಮಣಿಯನ್ನೋ ‘ಸ್ವಲ್ಪ ಚೆಂದ ಮಾಡೋಣ’ ಅಂತ ಹುಳಿ ಹಾಕಿ ತಿಕ್ಕಿದ್ದರೆ, ಹತ್ತಿಯ ಚರಿತ್ರೆಯಲ್ಲಿ ಎರಡು ಪುಟ ಬಚ್ಚಲಿನಲ್ಲಿ ಹರಿದು ಹೋಗುತ್ತಿತ್ತು.

ಇದನ್ನು ಓದಿಕೊಂಡಿದ್ದರಿಂದಲೇ ಇರಬೇಕು, ನಗರದ ಟಂಕಸಾಲೆಯ ಆ ಪೈಸೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಆನೆಯ ಬದಿಗೆ ದಪ್ಪ ಹಸಿರು ಹೆಕ್ಕಳೆ. ಅದರ ಮೇಲೆ ಅಡ್ಡ ಗೆರೆ, ಉದ್ದ ಗೆರೆ, ಒಂದರ ಮೇಲೊಂದು, ಸಣ್ಣ ಚಾಪೆಯ ಹಾಗೆ. ನೇಯ್ಗೆ! ಒರಟು ಬಟ್ಟೆಯ ಅಚ್ಚು. ನಮ್ಮ ಕಡೆ ವ್ಯಾಪಾರಕ್ಕೆ ಘಟ್ಟ ಇಳಿಯುವವರು ಸೊಂಟಕ್ಕೆ ಹಮ್ಮಿಣಿ ಕಟ್ಟಿಕೊಳ್ಳುತ್ತಿದ್ದರು, ಹಣ ತುಂಬುವ ಉದ್ದನೆಯ ಬಟ್ಟೆ ಚೀಲ. ಬೆವರಿನಲ್ಲಿ ಉಪ್ಪಿದೆ, ಚೀಲದಲ್ಲಿ ತಾಮ್ರವಿದೆ, ಕಿಲುಬು ಹುಟ್ಟೋದಕ್ಕೆ ಇನ್ನೇನು ಬೇಕು? ಇದು ಹಮ್ಮಿಣಿಯದೇ ಅಚ್ಚು ಅಂತ ನಾನು ಪ್ರಮಾಣ ಮಾಡೋಲ್ಲ, ಯಾವುದೋ ಹಳೇ ಧೋತರದ ಗಂಟೂ ಇರಬಹುದು. ಆದರೆ ಯಾವುದೋ ಕಾಲದಲ್ಲಿ ನಮ್ಮ ಮನೆಯಲ್ಲಿ ಬಳಸುತ್ತಿದ್ದ ಒಂದು ಬಟ್ಟೆ ಅದು. ಆ ಮನೆಯಿಂದ ಒಂದು ಪಂಚೆ ಉಳಿದಿಲ್ಲ, ಒಂದು ಸೀರೆ ಉಳಿದಿಲ್ಲ, ಒಂದು ಫೋಟೋ ಉಳಿದಿಲ್ಲ. ಉಗುರಿನಗಲದ ಈ ನೇಯ್ಗೆ ಉಳಿದಿದೆ, ಕಿಲುಬಿನಲ್ಲಿ.

ಅತ್ತಿಗೆಗೆ ಹೇಳಿದೆ. ಅವರು ಸುಲಭಕ್ಕೆ ಬಿಡುವವರಲ್ಲ. “ಆಯ್ತು ಭಾವ, ಆದ್ರೆ ಇಸವಿ ಆ ಹೆಕ್ಕಳೆ ಕೆಳಗೇ ಇದೆ ಅಂತ ನೀವೇ ಹೇಳ್ತೀರಿ. ಇಸವಿ ಗೊತ್ತಾಗದ ನಾಣ್ಯ ಇಟ್ಕೊಂಡು ಏನ್ ಚರಿತ್ರೆ?” ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಅರ್ಧ ಟಿಪ್ಪುವೇ ಕೊಟ್ಟಿದ್ದಾನೆ. ಆಳ್ವಿಕೆಯ ಮೊದಲ ವರ್ಷಗಳಲ್ಲಿ ಅವನ ನಾಣ್ಯಗಳ ಮೇಲೆ ಹಿಜರಿ ಇಸವಿ ಇರುತ್ತಿತ್ತು. ಆಮೇಲೆ ಮೌಲೂದಿ ಅಂತ ಹೊಸ ಲೆಕ್ಕ ತಂದು, ಅಂಕಿಗಳನ್ನೂ ತಿರುಗಿಸಿ, ಬಲದಿಂದ ಎಡಕ್ಕೆ ಬರೆಸಿದ. ಅಂದರೆ 1222 ಅನ್ನೋದನ್ನ ಬಲಗಡೆಯಿಂದ ಒಂದು, ಎರಡು, ಎರಡು, ಎರಡು ಅಂತ ಓದಬೇಕು. ನಮ್ಮ ಪೈಸೆಯಲ್ಲಿ ಆನೆಯ ಬೆನ್ನಿನ ಮೇಲೆ ಬಲತುದಿಯ ಎರಡು ಅಂಕಿ ಮಾತ್ರ ಹೆಕ್ಕಳೆಯಿಂದ ತಪ್ಪಿಸಿಕೊಂಡಿವೆ: ಕೊನೆಗೆ ಒಂದು, ಅದರ ಎಡಕ್ಕೆ ಎರಡು. ಎಡದಿಂದ ಓದಿದರೆ ಇಪ್ಪತ್ತೊಂದರಲ್ಲಿ ಮುಗಿಯುವ ಇಸವಿ ಆಗಬೇಕು, ಅಂಥ ಹಿಜರಿ ವರ್ಷ ಟಿಪ್ಪುವಿನ ಆಳ್ವಿಕೆಯಲ್ಲಿ ಇಲ್ಲ. ಹಾಗಾಗಿ ಇದು ಬಲದಿಂದ ಓದುವ ಮೌಲೂದಿ ಲೆಕ್ಕವೇ. ಅಲ್ಲಿಗೆ ನಾಣ್ಯ 1780ರ ದಶಕದ ಕೊನೆಯಿಂದ 1799ರ ನಡುವಿನದು ಅಂತ ಸಿಕ್ಕಿಬಿಟ್ಟಿತು, ಒಂದು ಚೂರೂ ತಿಕ್ಕದೆ. ಉಳಿದ ಎರಡು ಅಂಕಿಗೆ ಎಕ್ಸ್-ರೇ ಇದೆ. ಹೆಕ್ಕಳೆ ಹಿಡಿದು ಮುಚ್ಚಿಹೋದ ನಾಣ್ಯಗಳನ್ನು ಹಾಗೆ ಓದುವ ಪದ್ಧತಿ ಎಂದೋ ಬಂದಿದೆ. ನಾನು ಬದುಕಿರುವಾಗಲೇ ಓದಬೇಕು ಅಂತೇನಿಲ್ಲವಲ್ಲ. ಹೆಕ್ಕಳೆ ಇದ್ದರೆ ನಾಳೆಯೂ ಓದಬಹುದು, ತೆಗೆದರೆ ಮತ್ತೆ ಹಚ್ಚೋಕಾಗೋಲ್ಲ.

ಬೆಳ್ಳಿಯ ವಿಷಯ ಸ್ವಲ್ಪ ಬೇರೆ. ಬೆಳ್ಳಿ ಕಪ್ಪಾಗೋದು ಗಾಳಿಯಲ್ಲಿನ ಗಂಧಕದಿಂದ. ತೆಳ್ಳಗಿನ ಕಪ್ಪು ಪೊರೆ, ನಾಣ್ಯಕ್ಕೆ ಅದರಿಂದ ಅಪಾಯವೇನಿಲ್ಲ. ಆದರೆ ವಿಭೂತಿ, ರಂಗೋಲಿ ಪುಡಿ, ಹಲ್ಲುಪುಡಿ ಹಾಕಿ ಉಜ್ಜಿದರೆ ಪ್ರತಿಸಲವೂ ಒಂದು ಕೂದಲೆಳೆ ಬೆಳ್ಳಿ ಹೋಗುತ್ತೆ. ಹೋದರೇನಂತೆ ಅಂತೀರಾ? ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ನೋಡಿ. ಅದು ಹನ್ನೊಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುವ ಬಹಳ ಸಾಮಾನ್ಯ ನಾಣ್ಯ, ಎಷ್ಟೋ ಮನೆಗಳಲ್ಲಿದೆ. ಎಲ್ಲದರ ಮೇಲೂ 1862 ಅಂತಲೇ ಇರುತ್ತೆ, ಆದರೆ ಎಲ್ಲವೂ ಆ ವರ್ಷದವಲ್ಲ. 1870ರ ದಶಕದ ಮೊದಲ ವರ್ಷಗಳವರೆಗೂ ಅದೇ ಇಸವಿ ಹಾಕಿ ಹೊಡೆದರು. ನಮ್ಮ ಬೊಂಬಾಯಿ ಟಂಕಸಾಲೆಯವರು ನಿಜವಾದ ವರ್ಷದ ಗುರುತಿಗೆ ಅಂತ ಇಸವಿಯ ಹತ್ತಿರ ಸಣ್ಣ ಸಣ್ಣ ಚುಕ್ಕಿ ಇಡುತ್ತಿದ್ದರು. ಸಾಸಿವೆಗಿಂತ ಚಿಕ್ಕ ಚುಕ್ಕಿಗಳು. ಚುಕ್ಕಿ ಎಣಿಸಿದರೆ ವರ್ಷ. ನಮ್ಮ ಐದು ರೂಪಾಯಿಗಳಲ್ಲಿ ಎರಡರ ಮೇಲೆ ಚುಕ್ಕಿ ಎಣಿಸಬಹುದು. ಮೂರರ ಮೇಲೆ ಏನೂ ಇಲ್ಲ, ರಾಣಿಯ ಮೂಗೂ ಇಲ್ಲ. ಆ ಮೂರು ದೇವರಮನೆಯವು.

ಹೌದು, ದೇವರಮನೆಯ ಮಾತು ಬರಲೇಬೇಕು. ಆ ಮೂರು ರೂಪಾಯಿ ಮತ್ತು ನಾಲ್ಕು ಆನೆ ಕಾಸು ತಲೆಮಾರುಗಳಿಂದ ಲಕ್ಷ್ಮೀಪೂಜೆಗೆ ಇಟ್ಟವು. ಪ್ರತಿ ದೀಪಾವಳಿಗೆ ಹುಳಿಯಲ್ಲಿ ತೊಳೆದು, ಹಾಲಿನಲ್ಲಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಅಜ್ಜಿ, ಆಮೇಲೆ ದೊಡ್ಡಮ್ಮ, ಕೈಯಾರೆ ಸವೆಸಿದ್ದಾರೆ. ನಾಣ್ಯಶಾಸ್ತ್ರದವರು ನೋಡಿದರೆ ಅಯ್ಯೋ ಅಂದಾರು. ನನಗೆ ಹಾಗನ್ನಿಸೋಲ್ಲ. ಆ ನಾಣ್ಯಗಳಲ್ಲಿ ಟಂಕಸಾಲೆಯ ಚರಿತ್ರೆ ಅಳಿದಿದೆ, ಬದಲಿಗೆ ನಮ್ಮ ಮನೆಯ ಹೆಂಗಸರ ಚರಿತ್ರೆ ಬಂದು ಕೂತಿದೆ. ಅವು ಪೂಜೆಗೇ ಹೋಗಲಿ, ಅತ್ತಿಗೆ ಬೇಕಾದಷ್ಟು ಬೆಳಗಲಿ, ಉಪ್ಪೊಂದು ಹಾಕದಿದ್ದರೆ ಸಾಕು. ಕಳೆದ ದೀಪಾವಳಿಗೇ ಅವನ್ನು ಬೆಂಗಳೂರಿಗೆ ಕಳಿಸಿಕೊಟ್ಟೆ. ಆದರೆ ಡಬ್ಬಿಯಲ್ಲಿದ್ದ ಮಿಕ್ಕವಕ್ಕೆ ಆ ಸಂಸ್ಕಾರ ಆಗಿಲ್ಲ, ಈಗ ಹೊಸದಾಗಿ ಮಾಡೋ ಅಗತ್ಯವೂ ಇಲ್ಲ.

ಬೆಲೆಯ ಮಾತು ಎತ್ತಿದವನು ಶಿವಮೊಗ್ಗದ ತಮ್ಮ. ಅವನಿಗೆ ಚಿಕ್ಕದಾಗಿ ಹೇಳಿದೆ: ನಾಣ್ಯ ಕೊಳ್ಳುವವರು ತಿಕ್ಕಿದ ನಾಣ್ಯವನ್ನು ದೂರದಿಂದಲೇ ಗುರುತಿಸುತ್ತಾರೆ, ಬೆಲೆ ಇಳಿಸುತ್ತಾರೆ. ನಾಣ್ಯಕ್ಕೆ ದರ್ಜೆ ಕೊಡುವ ವಿದೇಶಿ ಕಂಪನಿಗಳು ‘ತಿಕ್ಕಿದ್ದು’ ಅಂತ ಚೀಟಿಯ ಮೇಲೇ ಬರೆದುಬಿಡುತ್ತವೆ. ಅಷ್ಟಕ್ಕೇ ಅವನು ಸುಮ್ಮನಾದ. ಎರಡು ಪ್ಯಾರಾ ಚರಿತ್ರೆಯಿಂದ ಆಗದ್ದು ಒಂದು ವಾಕ್ಯದ ವ್ಯಾಪಾರದಿಂದ ಆಯಿತು.

ಹಾಗಂತ ಏನೂ ಮಾಡದೆ ಕೂರೋದೂ ತಪ್ಪು. ಹಸಿರು ಅಂದರೆ ಎಲ್ಲ ಒಂದೇ ಅಲ್ಲ. ಗಟ್ಟಿಯಾಗಿ, ನುಣುಪಾಗಿ, ಕಡು ಹಸಿರಾಗಿ ಅಥವಾ ಕಂದಾಗಿ ಅಂಟಿಕೊಂಡದ್ದು ಒಳ್ಳೆಯ ಕಿಲುಬು, ಅದೇ ನಾಣ್ಯಕ್ಕೆ ಕವಚ. ತಿಳಿ ಹಸಿರಾಗಿ, ಪುಡಿಪುಡಿಯಾಗಿ, ಹಲ್ಲುಕಡ್ಡಿ ತಾಗಿಸಿದರೆ ಉದುರಿ, ಒರೆಸಿದ ಕೆಲವೇ ದಿನದಲ್ಲಿ ಮತ್ತೆ ಬಂದರೆ ಅದು ಕಾಯಿಲೆ. ಅಂಥದನ್ನು ಮೊದಲು ಬೇರೆ ಇಡಬೇಕು. ಇದು ಒಂದರಿಂದ ಒಂದಕ್ಕೆ ಶೀತದ ಹಾಗೆ ಹಾರೋಲ್ಲ, ಆದರೆ ಉದುರುವ ಪುಡಿಯಲ್ಲಿ ಕ್ಲೋರೈಡ್ ಇರೋದರಿಂದ ಜೊತೆಯವಕ್ಕೆ ಒಳ್ಳೆಯದಲ್ಲ. ಆಮೇಲೆ ಒಣಗಿಸಿ ಇಡಬೇಕು. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ಔಷಧಿ ಬಾಟಲಿಯಲ್ಲಿ, ಶೂ ಡಬ್ಬಿಯಲ್ಲಿ ಬರುವ ಪೊಟ್ಟಣ ಸಾಲದು, ಹಿಡಿ ತುಂಬ ಬೇಕು, ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಬೇಕು. ತೇವ ತೋರಿಸುವ ಚಿಕ್ಕ ಮೀಟರೊಂದು ಒಳಗಿದ್ದರೆ ಇನ್ನೂ ಒಳ್ಳೆಯದು. ನಮ್ಮ ಸಿಂಹದ ಕಾಸು ಈಗ ಹಾಗೆ ಇದೆ. ಮೀಟರು 35ರ ಮೇಲೆ ಹೋಗಿಲ್ಲ, ಹೋದ ಮಳೆಗಾಲ ಕಳೆದರೂ ಹೊಸ ಪುಡಿ ಬಂದಿಲ್ಲ. ಹೊಗೆ ಅಟ್ಟ ಮಾಡುತ್ತಿದ್ದ ಕೆಲಸವನ್ನೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿದ ಹಾಗೆ.

ಪ್ಲಾಸ್ಟಿಕ್ ಅಂದೆನಲ್ಲ, ಅಲ್ಲೂ ಒಂದು ಎಚ್ಚರ ಬೇಕು. ಮೆತ್ತನೆಯ, ವಾಸನೆ ಬರುವ ಪಿವಿಸಿ ಆಲ್ಬಮ್ ಹಾಳೆಗಳಲ್ಲಿ ನಾಣ್ಯ ಹಾಕಲೇಬಾರದು. ಕೆಲವು ವರ್ಷದಲ್ಲಿ ಅದೇ ಬೆವತು ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕ, ಬೆಳ್ಳಿಗೆ ಆಗೋಲ್ಲ. ಹಸಿ ಮರದ ಪೆಟ್ಟಿಗೆಯೂ ಬೇಡ, ಮರ ಬಿಡುವ ಆಮ್ಲ ಸೀಸಕ್ಕಂತೂ ವಿಷ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕಿವೆಯಲ್ಲ, ಅಂಥವು ಯಾರ ಮನೆಯಲ್ಲಾದರೂ ಇದ್ದರೆ ನೆನಪಿರಲಿ. ಬರೀ ಮಣ್ಣು ಮೆತ್ತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಮೆತ್ತಗೆ ಒರೆಸಿ ಪೂರ್ತಿ ಒಣಗಿಸಿ, ಅಷ್ಟೇ. ಕಾಯಿಲೆ ಜಾಸ್ತಿ ಇದ್ದರೆ ಬೆಂಜೋಟ್ರಯಜೋಲ್ ಅನ್ನೋ ರಾಸಾಯನಿಕವಿದೆ, 1967ರಿಂದ ಮ್ಯೂಸಿಯಂನವರು ಬಳಸುತ್ತಾ ಬಂದಿದ್ದಾರೆ. ಅದು ಆರೋಗ್ಯಕ್ಕೆ ಒಳ್ಳೆಯದಲ್ಲ, ಮನೆಯಲ್ಲಿ ಆಡುವ ಆಟವಲ್ಲ. ಲಖನೌದಲ್ಲಿ 1976ರಲ್ಲಿ ಶುರುವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲೂ ಒಂದು ಶಾಖೆಯಿದೆ, ಊರ ಕಡೆ ಇರುವವರು ಅಲ್ಲಿ ವಿಚಾರಿಸಬಹುದು.

ಇನ್ನು ಉಳಿದದ್ದು ಪಾಲು. ನ್ಯೂಜೆರ್ಸಿಯ ಅಣ್ಣ ಮೊನ್ನೆ ಫೋನ್ ಮಾಡಿ, “ತಿಕ್ಕೋದು ಬಿಡೋದು ನೀವು ನೋಡ್ಕೊಳ್ಳಿ ಮಾರಾಯ, ನನ್ನ ಪಾಲಿಗೆ ಆ ಟಿಪ್ಪು ಆನೆ ಒಂದು ಕಳಿಸಿಬಿಡು, ಡಿಸೆಂಬರಿಗೆ ಬಂದಾಗ ಬ್ಯಾಗಿನಲ್ಲಿ ಹಾಕ್ಕೊಂಡು ಹೋಗ್ತೀನಿ” ಅಂದ. ಹಾಗಾಗೋಲ್ಲ. ಪುರಾವಸ್ತುಗಳ 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಆನೆ ಹೋಗೋಲ್ಲ, ಸಿಂಹ ಹೋಗೋಲ್ಲ, ರಾಣಿಯೂ ಹೋಗೋಲ್ಲ. ಡಬ್ಬಿಯಲ್ಲಿ ನೂರು ತುಂಬದವು ಅಂದರೆ ಆ ತೂತಿನ ಕಾಸುಗಳು, ಈ ಕಾನೂನಿನ ಅಡ್ಡಿ ಅವಕ್ಕಿಲ್ಲ. 1943ರದು, ಕಂದು ಬಣ್ಣ ಚೆನ್ನಾಗಿ ಕೂತಿರೋದು, ನಾಲ್ಕು ಆರಿಸಿ ಅವನಿಗೆ ಅಂತ ಎತ್ತಿಟ್ಟಿದ್ದೇನೆ. ನಾವು ಸಣ್ಣವರಿದ್ದಾಗ ಅಂಥದೊಂದು ಅವನ ಉಡಿದಾರದಲ್ಲೇ ಇತ್ತು, ಅವನಿಗೆ ನೆನಪಿದೆಯೋ ಇಲ್ಲವೋ.